ಬೆನ್ನಿನ ಬಿಸಿ

ಸೋಪು ಹಚ್ಚಿ ಎಷ್ಟು ಉಜ್ಜಿದರೂ ಎಣ್ಣೆ ಬಿಡಲಿಲ್ಲ. ಸುರಿದ ನೀರೆಲ್ಲ ಗಂಡನ ಬೆನ್ನ ಮೇಲೆ ನಿಲ್ಲದೆ, ಕೆಸುವಿನೆಲೆಯ ಮೇಲೆ ಬಿದ್ದ ಹಾಗೆ ಮಣಿಮಣಿಯಾಗಿ ಜಾರಿ, ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಗೆ ಬೀಳುತ್ತಿತ್ತು. ಹೊಲಿಗೆಯಕ್ಕ ಮತ್ತೆ ಬಟ್ಟೆ ಅದ್ದಿ, ಹಿಂಡಿ, ಸೊಂಟದ ಕುಳಿಯಲ್ಲಿ ಒತ್ತಿ ಒರೆಸಿದಳು.

"ಸಾಕು ಬಿಡಕ್ಕ," ಎಂದ ಅವಳ ತಮ್ಮ. ಭಾವನ ಹೆಗಲು ಹಿಡಿದು ದೇಹವನ್ನು ಮಗ್ಗುಲಿಗೆ ವಾಲಿಸಿಕೊಂಡು ಕೂತಿದ್ದವನ ಅಂಗಿಯ ತೋಳೆಲ್ಲ ಒದ್ದೆಯಾಗಿತ್ತು. "ಜನ ಕಾಯ್ತಿದ್ದಾರೆ."

"ಕಾಯ್ಲಿ. ನಿನ್ನೆಯಿಂದ ಇದು ಮೈಮೇಲೇ ಇದೆ."

ಆ ಕಡೆ ಕಾಲು ಹಿಡಿದು ಕೂತಿದ್ದವನು ಮೇಸ್ತ್ರಿ. ಮನೆ ಸಾಮಾನು ಸಾಗಿಸುವ ತಂಡದ ಯಜಮಾನ ಅವನು. ಸತ್ತವನ ಜೊತೆ ಒಂದೇ ಮಂಚದ ಎರಡು ತುದಿ ಹಿಡಿದು ಊರಿನ ಮಹಡಿಗಳನ್ನೆಲ್ಲ ಹತ್ತಿ ಇಳಿದವನು. ಬಿಸಿನೀರಿನ ಬಕೆಟನ್ನು ಅವಳ ಕೈಗೆಟಕುವ ಹಾಗೆ ಸರಿಸಿಟ್ಟು, ಮುಖ ಆ ಕಡೆ ತಿರುಗಿಸಿಕೊಂಡ.

ನಡುಮನೆಯ ತುಂಬ ಆ ಎಣ್ಣೆಯದೇ ವಾಸನೆ. ಬೇರು, ತೊಗಟೆ, ಎಳ್ಳು, ಅದರ ಜೊತೆ ಸ್ವಲ್ಪ ಸೀದ ಹಾಗೆ. ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ವಾಸನೆಗಲ್ಲ, ಅಳು ತಡೆಯುವುದಕ್ಕೆ. ಅಪ್ಪನ ಬೆನ್ನನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಎರಡು ರೆಕ್ಕೆಮೂಳೆಗಳ ನಡುವೆ, ಭಾರ ಕೂತು ಕೂತು ಚಪ್ಪಲಿಯ ಅಟ್ಟೆಯಷ್ಟು ಒರಟಾದ ಚರ್ಮ. ಅದರ ಕೆಳಗೆ ಸೊಂಟದ ಹತ್ತಿರ ಬೋಗುಣಿಯ ಬಾಯಗಲದ ಒಂದು ವೃತ್ತ, ಅಲ್ಲಿ ಮಾತ್ರ ಚರ್ಮ ಕೂಸಿನದರ ಹಾಗೆ ನುಣುಪಾಗಿ ಹೊಳೆಯುತ್ತಿತ್ತು.

"ಹೋಗಲ್ಲ ಇದು," ಎಂದಳು ಹೊಲಿಗೆಯಕ್ಕ ಕೊನೆಗೆ. ಯಾರನ್ನೂ ಉದ್ದೇಶಿಸದೆ, ಬಟ್ಟೆಯ ಮೇಲಿನ ಕಲೆಯ ಬಗ್ಗೆ ಗಿರಾಕಿಗೆ ಹೇಳುವ ಹಾಗೆ. ಆಮೇಲೆ ಒದ್ದೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ.

*

ನಿನ್ನೆ ಮಧ್ಯಾಹ್ನ ಫೋನು ಬಂದಾಗ ಅವಳು ಕಿಟಕಿಯ ಪಕ್ಕ ಯಂತ್ರದ ಮುಂದೆ ಕೂತು ದಿಂಬಿನ ಕವರುಗಳಿಗೆ ಅಂಚು ಹೊಡೆಯುತ್ತಿದ್ದಳು. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ತುಳಿಯುವುದನ್ನು ನಿಲ್ಲಿಸದೆಯೇ ಹಲೋ ಎಂದಳು.

ಗಂಡನ ಬೆನ್ನಿಗೆ ಎಣ್ಣೆ ಚಿಕಿತ್ಸೆ ಮಾಡುತ್ತಿದ್ದ ಹೆಂಗಸಿನ ದನಿ. "ನಿಮ್ಮ ಯಜಮಾನ್ರು ಏಳ್ತಿಲ್ಲಮ್ಮ."

ಹೊಲಿಗೆಯಕ್ಕ ನಕ್ಕಳು. ಆ ನಗು ನೆನಪಾದರೆ ಈಗಲೂ ಅವಳ ಮೈಯೆಲ್ಲ ಮುಳ್ಳೇಳುತ್ತದೆ. "ಜೋರಾಗಿ ಕೂಗಿ. ಎಡಗಿವಿ ಸ್ವಲ್ಪ ಮಂದ ಅವ್ರಿಗೆ," ಎಂದಳು.

ಸ್ವಲ್ಪ ಹೊತ್ತಾದ ಮೇಲೆ ಬೇರೆ ಯಾರೋ ಗಂಡಸು ಫೋನು ತೆಗೆದುಕೊಂಡು, ಆಂಬುಲೆನ್ಸ್ ಬಂದಿದೆ, ದೊಡ್ಡಾಸ್ಪತ್ರೆಗೇ ಬಂದುಬಿಡಿ ಎಂದ. ಅಳತೆಯ ಟೇಪು ಕೊರಳಲ್ಲಿದ್ದ ಹಾಗೆಯೇ ಅವಳು ಮೆಟ್ಟಿಲಿಳಿದು ಓಡಿದಳು.

ಆಸ್ಪತ್ರೆಯಲ್ಲಿ ಪರದೆಯ ಹಿಂದೆ ಅವನನ್ನು ಅಂಗಾತ ಮಲಗಿಸಿದ್ದರು. ಕೈ ಮುಟ್ಟಿದಳು, ತಣ್ಣಗಿತ್ತು. ಹಣೆ, ಅದೂ ತಣ್ಣಗೆ. ಮೈ ಅಲ್ಲಾಡಿಸಲೆಂದು ಬೆನ್ನಿನಡಿಗೆ ಕೈ ತೂರಿಸಿದವಳು ಗಕ್ಕನೆ ನಿಂತಳು. ಬೆನ್ನು ಬಿಸಿಯಾಗಿತ್ತು. ಈಗ ತಾನೇ ಹಾಸಿಗೆಯಿಂದ ಎದ್ದವನ ಬೆನ್ನಿನ ಹಾಗೆ, ಬೆಚ್ಚಗೆ, ಮೆತ್ತಗೆ.

"ಬಿಸಿ ಇದೆ," ಎಂದಳು. ಯಾರೂ ಬರದಿದ್ದಾಗ ಪರದೆ ಸರಿಸಿ ಕೂಗಿದಳು. "ಬೆನ್ನು ಬಿಸಿ ಇದೆ, ಬಂದು ಮುಟ್ಟಿ ನೋಡಿ. ಬಿಸಿ ಇದೆ ಅಂದ್ನಲ್ಲ."

ಡಾಕ್ಟರು ಹುಡುಗಿ, ಮಗಳಿಗಿಂತಲೂ ಚಿಕ್ಕವಳು. ಬಂದು, ಕೈಯಿಟ್ಟು ನೋಡಿದಳು. ಆ ಕೈ ಇಡುವಷ್ಟು ಹೊತ್ತು ಹೊಲಿಗೆಯಕ್ಕನಿಗೆ ಗಂಡ ಬದುಕಿದ್ದ. ಆಮೇಲೆ ಆ ಹುಡುಗಿ ಅವಳ ಮುಂಗೈ ಹಿಡಿದುಕೊಂಡು, "ಅದು ಎಣ್ಣೆಯ ಬಿಸಿ ಅಮ್ಮ," ಎಂದಳು.

ಉಳಿದದ್ದೆಲ್ಲ ಅವಳ ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ಹೊಟ್ಟೆಯ ಮೇಲೆ ಯಂತ್ರ ಇಟ್ಟು ನೋಡಿದ್ದರಂತೆ. ಒಳಗಿನ ದೊಡ್ಡ ರಕ್ತನಾಳ ಬಲೂನಿನ ಹಾಗೆ ಊದಿಕೊಂಡು ಒಡೆದಿದೆಯಂತೆ. ಎಷ್ಟು ಕಾಲದಿಂದ ಊದುತ್ತಿತ್ತೋ. ನಡೆಯುತ್ತಿದ್ದಾಗಲೂ ಒಡೆಯಬಹುದಿತ್ತು, ಉಣ್ಣುತ್ತಿದ್ದಾಗಲೂ ಒಡೆಯಬಹುದಿತ್ತು. ಆ ನೋವು ಬೆನ್ನುನೋವಿನ ಹಾಗೇ ಬರುತ್ತದೆ, ಬಹಳ ಜನ ಮೋಸಹೋಗುತ್ತಾರೆ ಎಂದಳು ಡಾಕ್ಟರು. ಹೊಲಿಗೆಯಕ್ಕ ಹೂಂಗುಟ್ಟುತ್ತಲೇ ಇದ್ದಳು. ಅವಳ ಕೈ ಮಾತ್ರ ಗಂಡನ ಬೆನ್ನಿನಡಿಯಲ್ಲೇ ಇತ್ತು. ಅದು ತಣ್ಣಗಾಗುವವರೆಗೂ ತೆಗೆಯಲಿಲ್ಲ.

*

ಬಟ್ಟೆ ತೊಡಿಸಿ ನಡುಮನೆಯಲ್ಲಿ ಮಲಗಿಸಿದ ಮೇಲೆ ಜನ ಒಳಗೆ ಬರತೊಡಗಿದರು. ಮೂರನೇ ಮಹಡಿಯ ಸಣ್ಣ ಮನೆ; ಒಳಗಿದ್ದವರು ಹೊರಗೆ ಬಂದರೆ ಮಾತ್ರ ಹೊರಗಿದ್ದವರಿಗೆ ಜಾಗ. ಮೆಟ್ಟಿಲ ಮೇಲೆ ತಂಡದ ಆಳುಗಳು ಸಾಲಾಗಿ ಕೂತಿದ್ದರು, ಒಬ್ಬೊಬ್ಬರೂ ಬಾಗಿಲಗಲದವರು. ಸತ್ತವನನ್ನು ಅವರೆಲ್ಲ ಕರೆಯುತ್ತಿದ್ದದ್ದು ಬೀರು ಎಂದು. ಬೀರು ಹೋಗ್ಬಿಟ್ನಾ, ಬೀರು ಹೋಗ್ಬಿಟ್ನಾ ಎಂಬುದು ಬಿಟ್ಟು ಅವರಿಗೆ ಬೇರೆ ಮಾತು ಹೊರಡುತ್ತಿರಲಿಲ್ಲ.

ಮೊನ್ನೆ ತಾನೇ ಕಪಾಟು ಇಳಿಸಿದವನು, ಲಾರಿಯಲ್ಲಿ ಕೂತು ಹಾಡು ಗುನುಗಿದವನು. ಕಾಯಿಲೆ ಬಿದ್ದು, ನರಳಿ, ನಾಲ್ಕು ಜನ ಬಂದು ನೋಡಿ ಹೋಗಿ, ಆಮೇಲೆ ಸತ್ತರೆ ಅದೊಂದು ತರಹ. ಬೆನ್ನಿಗೆ ಎಣ್ಣೆ ಹಾಕಿಸಿಕೊಂಡು ಬರುತ್ತೇನೆಂದು ಹೋದವನು ಹೀಗೆ ಬಂದರೆ ಯಾರ ಮುಖ ಯಾರು ನೋಡುವುದು?

ತಮ್ಮ ಮಾತ್ರ ಒಂದು ಕಡೆ ಕೂರಲಿಲ್ಲ. ಔಷಧಿ ಅಂಗಡಿಯಲ್ಲಿ ನಿಂತು ನಿಂತು ಅರ್ಧ ಡಾಕ್ಟರಾಗಿದ್ದವನು ಅವನು. ಅವನಿಗೆ ಆಸ್ಪತ್ರೆಯವರ ಮಾತು ಒಪ್ಪಿಗೆಯಾಗಿರಲಿಲ್ಲ. ಕುದಿಯುವ ಎಣ್ಣೆ ಸುರಿದರೋ, ಒತ್ತಬಾರದ ಕಡೆ ಒತ್ತಿದರೋ, ಕಂಡವರಾರು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹುಡುಗನಾಗಿದ್ದಾಗ ವಿಷಮಜ್ವರ ಬಂದು ಕಣ್ಣು ಮೇಲೆ ಮಾಡಿದವನನ್ನು ಇದೇ ಭಾವ ಬೆನ್ನ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದ. ಆ ಬೆನ್ನಿನ ಋಣ ಅವನ ಬಾಯಲ್ಲಿ ಈಗ ಸಿಟ್ಟಾಗಿ ಬರುತ್ತಿತ್ತು. ಬೆಳಿಗ್ಗೆಯೇ ಠಾಣೆಗೆ ಹೋಗಿಬಂದಿದ್ದ.

ಹಾಗಾಗಿಯೇ ಪೊಲೀಸಿನವನೂ ಬಂದ. ವಯಸ್ಸಾದವನು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಟೋಪಿ ಕಂಕುಳಲ್ಲಿಟ್ಟುಕೊಂಡು ಬಾಗಿಲ ಪಕ್ಕ ನಿಂತು, ಅವಸರವಿಲ್ಲ ಎಂದ. ಆದರೆ ಮನೆಯವರು ಒಂದು ಮಾತು ಹೇಳಬೇಕು. ಸಂಶಯ ಇದೆಯೆಂದರೆ ದೇಹ ವಾಪಸು ಆಸ್ಪತ್ರೆಗೆ ಹೋಗುತ್ತದೆ, ಕೊಯ್ದು ನೋಡುತ್ತಾರೆ. ಇಲ್ಲವೆಂದರೆ ಮಣ್ಣು ಮಾಡಬಹುದು.

ಕೊಯ್ದು ಎಂಬ ಮಾತಿಗೆ ಮಗಳು ಗೋಡೆ ಹಿಡಿದುಕೊಂಡಳು.

"ಹೇಳಕ್ಕ," ಎಂದ ತಮ್ಮ.

ಹೊಲಿಗೆಯಕ್ಕ ಗಂಡನ ಮುಖ ನೋಡುತ್ತ ಕೂತಿದ್ದಳು.

*

ಬೀರು ಎಂಬ ಹೆಸರು ಅವನಿಗೆ ಮದುವೆಗೆ ಮುಂಚೆಯೇ ಅಂಟಿತ್ತು. ಲಿಫ್ಟಿನಲ್ಲಿ ಹಿಡಿಸದ ಕಬ್ಬಿಣದ ಬೀರುವೊಂದನ್ನು ಒಬ್ಬನೇ ಬೆನ್ನ ಮೇಲೆ ಹೇರಿಕೊಂಡು ಮೇಲಿನ ಮಹಡಿಗೆ ಮುಟ್ಟಿಸಿದ್ದನಂತೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಬೇರೆಯೇ ಕಾರಣ ಹೊಳೆದಿತ್ತು. ಗಂಡ ನಿಜಕ್ಕೂ ಬೀರುವೇ; ಮುಚ್ಚಿದರೆ ಮುಚ್ಚಿತು, ಕೀಲಿ ಎಲ್ಲಿಟ್ಟಿದ್ದಾನೋ ಅವನಿಗೂ ಗೊತ್ತಿಲ್ಲ. ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅಷ್ಟರಲ್ಲೇ ಸಂಸಾರ ಸಾಗಿತ್ತು, ಮಗಳು ಹುಟ್ಟಿದ್ದಳು, ಓದಿದ್ದಳು, ಗಂಡನ ಮನೆಗೆ ಹೋಗಿದ್ದಳು.

ಬೆನ್ನುನೋವನ್ನೂ ಅವನು ಬಾಯಿಬಿಟ್ಟು ಹೇಳಿದವನಲ್ಲ. ಅವಳಿಗೆ ಗೊತ್ತಾದದ್ದು ಅವನು ಹಾಸಿಗೆ ಬಿಟ್ಟಾಗ. ಅಂಗಾತ ಮಲಗಲಾರ, ಬೋರಲು ಮಲಗಲಾರ. ಹೊಲಿಗೆ ಯಂತ್ರದ ಪಕ್ಕ ಗೋಡೆಗೊರಗಿ, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ತೂಕಡಿಸುವುದೇ ನಿದ್ದೆಯಾಯಿತು. ಅವಳು ದಪ್ಪ ಬಟ್ಟೆಯನ್ನು ಪದರಪದರವಾಗಿ ಹೊಲಿದು ಸೊಂಟಪಟ್ಟಿ ಮಾಡಿಕೊಟ್ಟಳು. ತಮ್ಮ ಅಂಗಡಿಯಿಂದ ಮುಲಾಮು ತಂದ, ಮಾತ್ರೆ ತಂದ. ಯಾರಿಗಾದರೂ ತೋರಿಸಿ ಅಂದರೆ, "ಬೆನ್ನು ತೋರ್ಸೋದಾ? ನಾನಾ?" ಎಂದು ನಕ್ಕುಬಿಡುತ್ತಿದ್ದ. ಅವನ ಜೀವಮಾನದ ಒಂದೇ ಒಂದು ನಗೆಚಾಟಿಕೆ ಅದು, ಹಳತಾದರೂ ಬಿಡಲಿಲ್ಲ.

ಕೊನೆಗೆ ಒಂದು ದಿನ ಯಾರದೋ ಮನೆಯ ಮೆಟ್ಟಿಲ ನಡುವೆ ಕೂತವನು ಏಳಲಿಲ್ಲ. ಮೇಸ್ತ್ರಿಯೂ ಆಳುಗಳೂ ಅವನನ್ನು ಲಾರಿಯ ಕಂಬಳಿಗಳ ನಡುವೆ ಮಲಗಿಸಿ ತಂದರು. ಕನ್ನಡಿ ಸಾಮಾನು ತಂದ ಹಾಗೆ ತಂದಿದ್ದೇವೆ ಅತ್ತಿಗೆ, ಇಳಿಸಿಕೊಳ್ಳಿ ಎಂದರು. ಅವರ ತಮಾಷೆಗೆ ಅವಳು ನಗಲಿಲ್ಲ. ಮರುದಿನವೇ ಅವನನ್ನು ಆಯುರ್ವೇದದ ವೈದ್ಯರ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿನ ಹಾಸುಗಳಿಗೆ ಅಂಚು ಹೊಡೆದುಕೊಡುತ್ತಿದ್ದವಳು ಅವಳೇ. ಆ ಹಾಸುಗಳ ಎಣ್ಣೆಕಲೆ ನೋಡಿ ನೋಡಿ ಅವಳಿಗೆ ಅದರ ಮೇಲೆ ಹೇಗೋ ನಂಬಿಕೆ ಬಂದಿತ್ತು.

ವೈದ್ಯರು ಮುಂದಿನ ಕೋಣೆಯಲ್ಲಿ ನಾಡಿ ನೋಡಿ ಹೇಳಿದರು. ಒಳಗಿನ ಕೆಲಸ ಒಬ್ಬ ಹೆಂಗಸಿನದು. ಎಲ್ಲರ ಬಾಯಲ್ಲಿ ಅವಳು ಎಣ್ಣೆಯಮ್ಮ. ಮರದ ಮಂಚದ ಮೇಲೆ ಬೋರಲು ಮಲಗಿಸಿ, ಸೊಂಟದ ಮೇಲೆ ಕಲಸಿದ ಉದ್ದಿನ ಹಿಟ್ಟಿನಿಂದ ದುಂಡನೆಯ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಎಣ್ಣೆ ತುಂಬಿಸುತ್ತಿದ್ದಳು. ಬೆನ್ನ ಮೇಲೊಂದು ಪುಟ್ಟ ಬಾವಿ. ಆರುತ್ತ ಬಂದ ಹಾಗೆ ಹತ್ತಿಯಿಂದ ಹೀರಿ ತೆಗೆದು, ಬೇರೆ ಬಿಸಿ ಎಣ್ಣೆ ಬಿಡುತ್ತಿದ್ದಳು.

ಮೊದಲ ಸಲ ಮಾಡಿಸಿಕೊಂಡು ಬಂದ ದಿನ ಬೀರು ಉಂಡು, ಹಾಸಿಗೆಯ ಮೇಲೆ ಅಂಗಾತ ಮಲಗಿ, ಮುಖಕ್ಕೆ ಬಿಸಿಲು ಬೀಳುವವರೆಗೆ ನಿದ್ದೆ ಹೋದ. ಹೊಲಿಗೆಯಕ್ಕ ಪಕ್ಕದಲ್ಲಿ ಕೂತು, ಯಾರೋ ನೆಂಟನನ್ನು ನೋಡುವ ಹಾಗೆ ನೋಡಿದಳು. ನಿದ್ದೆಯಲ್ಲಿ ಅವನ ಮುಖ ಇಷ್ಟು ಮೆದು ಎಂದು ಅವಳಿಗೆ ತಿಳಿದೇ ಇರಲಿಲ್ಲ.

ಎದ್ದವನು ಒಂದು ಪೂರ್ತಿ ಮಾತಾಡಿದ. "ಯಾರೋ ಬೆನ್ನ ಮೇಲೆ ಬಿಸಿ ಕೈ ಇಟ್ಕೊಂಡು, ಎಲ್ಲೂ ಹೋಗ್ದೆ ಕೂತಿದ್ದಂಗಾಯ್ತು ಕಣೆ."

"ಯಾರ ಕೈಯಂತೆ ಅದು?" ಎಂದು ಅವಳು ರೇಗಿಸಿದಳು.

ಅವನು ನಾಚಿಕೊಂಡ. ಈ ವಯಸ್ಸಿನಲ್ಲಿ. ಆಮೇಲಿನ ವಾರಗಳಲ್ಲಿ ಬೀರುವಿನ ಬಾಗಿಲು ಒಂದಿಷ್ಟಿಷ್ಟೇ ತೆರೆಯುತ್ತ ಬಂತು. ಲಾರಿಯಲ್ಲಿ ನಡೆದದ್ದು, ಯಾರದೋ ಮನೆಯಲ್ಲಿ ಪಿಯಾನೊ ಇಳಿಸಿದ್ದು, ಚಿಕ್ಕವನಿದ್ದಾಗ ತನ್ನ ಅಮ್ಮ ಬೆನ್ನು ತಿಕ್ಕುತ್ತಿದ್ದದ್ದು, ಏನೇನೋ ಹೇಳಿದ. ಅವಳು ಯಂತ್ರ ನಿಲ್ಲಿಸಿ ಕೇಳುತ್ತಿದ್ದಳು. ಹೆಚ್ಚು ಕೇಳಿದರೆ ಎಲ್ಲಿ ಮುಚ್ಚಿಕೊಂಡಾನೋ ಎಂದು ಪ್ರಶ್ನೆ ಹಾಕುತ್ತಿರಲಿಲ್ಲ. ಮುಂದೆ ದಿನಗಳಿವೆಯಲ್ಲ ಎಂದುಕೊಂಡಿದ್ದಳು.

*

ಎಣ್ಣೆಯಮ್ಮ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ಮೆಟ್ಟಿಲ ಮೇಲಿದ್ದ ಆಳುಗಳು ಯಾರೋ ಪರಿಚಯದವರಿರಬೇಕೆಂದು ಕಾಲು ಸರಿಸಿ ದಾರಿ ಬಿಟ್ಟರು. ಗಟ್ಟಿಮುಟ್ಟಾದ, ಅಗಲ ಮುಂಗೈಯ ಹೆಂಗಸು. ಒಂದು ಕೈಯನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತಳು.

ತಮ್ಮನಿಗೆ ಗುರುತು ಹತ್ತಿತು. ಆಸ್ಪತ್ರೆಯಲ್ಲಿ ಮೂಲೆಯ ಬೆಂಚಿನ ಮೇಲೆ ಕೂತಿದ್ದವಳು. "ಇವಳೇ ಸಾರ್," ಎಂದ ಪೊಲೀಸಿನವನಿಗೆ. "ಆ ವೈದ್ಯ ಬಾಗಿಲು ಹಾಕ್ಕೊಂಡು ಕೂತಿದ್ದಾನೆ. ಇವಳಿಗೆ ಇಲ್ಲಿ ಬರೋಕೆ ಎಷ್ಟು ಧೈರ್ಯ ನೋಡಿ."

ಮೆಟ್ಟಿಲ ಮೇಲಿದ್ದವರು ಎದ್ದು ನಿಂತರು. ಮೇಸ್ತ್ರಿ ಕೈಯೆತ್ತಿ ಅವರನ್ನು ತಡೆದ.

ಎಣ್ಣೆಯಮ್ಮ ಪೊಲೀಸಿನವನ ಕಡೆ ನೋಡಲಿಲ್ಲ, ತಮ್ಮನ ಕಡೆಯೂ ನೋಡಲಿಲ್ಲ. ಹೊಲಿಗೆಯಕ್ಕನಿಗೆ ಹೇಳಿದಳು. "ನಡೆದದ್ದು ನಿಮಗೆ ಹೇಳ್ಬೇಕು ಅಂತ ಬಂದೆ ತಾಯಿ. ಬೇರೆಯವರ ಬಾಯಿಂದ ಕೇಳೋದು ಬೇಡ."

ಹೊಲಿಗೆಯಕ್ಕ ತಲೆ ಎತ್ತಿದಳು.

"ಎಂದಿನಂಗೇ ಬಂದ್ರು, ಮಲಗಿದ್ರು. ಕಟ್ಟೆ ಕಟ್ಟಿ ಎಣ್ಣೆ ಬಿಟ್ಟೆ. ನನ್ನ ಕೈಗೆ ತಾಗಿಸಿ ನೋಡೇ ಬಿಟ್ಟಿದ್ದು, ಅದರಲ್ಲಿ ತಪ್ಪಿಲ್ಲ. ಆಗ ಒಂದು ಮಾತು ಹೇಳಿದ್ರು. ಹೊಟ್ಟೆ ಒಳಗೆ ಏನೋ ಡಬಡಬ ಅಂತ ಬಡ್ಕೊಳ್ತಿದೆ ಅಂದ್ರು." ಹಿಡಿದುಕೊಂಡಿದ್ದ ಕೈಯನ್ನು ಬಿಟ್ಟಳು. "ನಾನು ವಾಯು ಇರ್ಬೇಕು ಅಂದೆ. ಮಲ್ಕೊಳ್ಳಿ, ಬಿಸಿಗೆ ಹೋಗುತ್ತೆ ಅಂದೆ."

ಪೊಲೀಸಿನವನ ಕಡೆ ತಿರುಗಿದ ತಮ್ಮನನ್ನು ಲೆಕ್ಕಿಸದೆ ಅವಳು ಮುಂದುವರಿಸಿದಳು.

"ನಿದ್ದೆ ಹತ್ತಿತು. ಗೊರಕೆ ಶುರುವಾಯ್ತು. ಪರದೆ ಆ ಕಡೆ ಇನ್ನೊಬ್ಬರು ಮಲಗಿದ್ರು, ಏನಮ್ಮ ಈ ಗೊರಕೆ ಅಂತ ಬೇಜಾರು ಮಾಡ್ಕೊಂಡ್ರು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಸದ್ಯ ನಿಂತಿತಲ್ಲ ಅಂದ್ಕೊಂಡೆ. ಆಮೇಲೂ ಆರಿದ ಎಣ್ಣೆ ತೆಗೆದು ಬಿಸಿ ಎಣ್ಣೆ ಬಿಟ್ಟೆ. ಮತ್ತೆ ತೆಗೆದೆ, ಮತ್ತೆ ಬಿಟ್ಟೆ. ಕೈಗೆ ಬೆಚ್ಚಗೇ ಇತ್ತು ತಾಯಿ. ನಾನು ಬೆನ್ನೇ ನೋಡ್ತಿದ್ದೆ. ಮುಖ ನೋಡ್ಲಿಲ್ಲ."

ಬಾಗಿಲಲ್ಲಿ ಯಾರೋ ಉಸಿರೆಳೆದುಕೊಂಡರು. ಮೇಸ್ತ್ರಿ ನೆಲ ನೋಡಿದ. ಸತ್ತವನ ಬೆನ್ನಿಗೆ ಈ ಕೈಗಳು ಬಿಸಿ ಎಣ್ಣೆ ಬಿಡುತ್ತ ನಿಂತದ್ದು, ಅವನು ಹೋಗಿಯಾದ ಮೇಲೂ ಅವನನ್ನು ಬೆಚ್ಚಗಿಟ್ಟದ್ದು ಎಲ್ಲರ ಕಣ್ಣಿಗೂ ಒಟ್ಟಿಗೇ ಕಟ್ಟಿತು. ಮಗಳು ಅಮ್ಮನ ಹಿಂದೆ ಬಂದು ಕೂತು ಅವಳ ಹೆಗಲ ಮೇಲೆ ಕೈಯೂರಿದಳು.

"ಕೇಳಿದ್ರಲ್ಲ ಸಾರ್," ಎಂದ ತಮ್ಮ. "ಬಾಯಿಬಿಟ್ಟು ಹೇಳಿದ್ದಾರೆ ಭಾವ. ಇವಳು ವಾಯು ಅಂದಳಂತೆ. ಇನ್ನೇನು ಬೇಕು?"

ಪೊಲೀಸಿನವನು ಟೋಪಿಯನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿದ. "ನೀವು ಹೇಳಿ ಅಮ್ಮ," ಎಂದ.

ಹೊಲಿಗೆಯಕ್ಕ ಗಂಡನ ಎದೆಯ ಮೇಲೆ ಹೊದಿಸಿದ್ದ ಬಟ್ಟೆಯ ಸುಕ್ಕನ್ನು ಬೆರಳಿಂದ ನೇರ ಮಾಡಿದಳು. ಒಂದು ಸಲ ಮಾಡಿದ್ದನ್ನೇ ಮತ್ತೆ ಮಾಡಿದಳು.

"ನಿನ್ನೆ ಬೆಳಿಗ್ಗೆ ನನಗೂ ಹೇಳಿದ್ರು," ಎಂದಳು.

"ಅಕ್ಕ..."

"ಚಪ್ಪಲಿ ಹಾಕ್ಕೊಳ್ತಾ ಇದ್ರು. ಹೊಟ್ಟೆ ಒಳಗೆ ಏನೋ ಬಡ್ಕೊಳ್ತಿದೆ ಕಣೆ, ಕೈ ಇಟ್ಟು ನೋಡು ಅಂದ್ರು. ಅವರಾಗೇ ಕೇಳಿದ್ರು. ಒಂದಿನಾನೂ ಹಂಗೆ ಕೇಳ್ದವರಲ್ಲ." ಅವಳು ತನ್ನ ಬಲಗೈಯನ್ನು ತಾನೇ ನೋಡಿಕೊಂಡಳು. "ಸೂಜಿಗೆ ದಾರ ಏರಿಸ್ತಾ ಇದ್ದೆ. ಕೈ ಇಡ್ಲಿಲ್ಲ. ವಾಯು ಇರ್ಬೇಕು, ಎಣ್ಣೆ ಹಾಕಿಸ್ಕೊಂಡು ಬನ್ನಿ, ಹೋಗುತ್ತೆ ಅಂದೆ."

ಅವಳ ಹೆಗಲ ಮೇಲಿದ್ದ ಮಗಳ ಕೈ ಹಗುರಾಯಿತು. ಪೂರ್ತಿ ತೆಗೆಯಲಿಲ್ಲ, ಆದರೆ ಅದರ ಭಾರ ಹೋಯಿತು. ಅದು ಹೊಲಿಗೆಯಕ್ಕನಿಗೆ ತಿಳಿಯಿತು.

"ಇವರ ಮೇಲೆ ಬರ್ಕೊಳ್ಳೋದಾದ್ರೆ ನನ್ನ ಮೇಲೂ ಬರ್ಕೊಳ್ಳಿ," ಎಂದಳು ಪೊಲೀಸಿನವನಿಗೆ. "ಅವ್ರನ್ನ ಮಾತ್ರ ಕೊಯ್ಬೇಡಿ. ನನಗೆ ಯಾವ ಸಂಶಯಾನೂ ಇಲ್ಲ."

ತಮ್ಮ ನಿಂತಲ್ಲೇ ಗೋಡೆಗೆ ಬೆನ್ನು ಜಾರಿಸಿ ಕೂತುಬಿಟ್ಟ. ಪೊಲೀಸಿನವನು ಸತ್ತವನಿಗೊಂದು ನಮಸ್ಕಾರ ಮಾಡಿ, ಮತ್ತೇನೂ ಕೇಳದೆ ನಿಧಾನವಾಗಿ ಮೆಟ್ಟಿಲಿಳಿದು ಹೋದ.

ಎಣ್ಣೆಯಮ್ಮ ಇನ್ನೂ ಹೊಸ್ತಿಲ ಹೊರಗೇ ಇದ್ದಳು. ಕ್ಷಮಿಸಿ ಎಂದು ಅವಳು ಕೇಳಲಿಲ್ಲ, ಕ್ಷಮಿಸಿದೆ ಎಂದು ಇವಳು ಹೇಳಲಿಲ್ಲ. ಅಂಥ ಮಾತುಗಳಿಗೆ ಆ ಮನೆಯಲ್ಲಿ ಆಗ ಜಾಗವಿರಲಿಲ್ಲ. ಬಹಳ ಹೊತ್ತಾದ ಮೇಲೆ ಹೊಲಿಗೆಯಕ್ಕ ಸ್ವಲ್ಪ ಪಕ್ಕಕ್ಕೆ ಸರಿದು, "ಮುಖ ನೋಡಿ ಬನ್ನಿ," ಎಂದಳು.

ಅವಳು ಒಳಗೆ ಬಂದು, ಮಂಡಿಯೂರಿ, ನೋಡಿದಳು. ಆ ಮುಖವನ್ನು ಮೊದಲ ಸಲ ಕಾಣುತ್ತಿರುವವಳ ಹಾಗೆ ಹಣೆಯಿಂದ ಗಲ್ಲದವರೆಗೆ ನೋಡಿದಳು.

*

ಮಣ್ಣು ಮಾಡುವ ಜಾಗದಲ್ಲಿ ಗುಂಡಿ ತೆಗೆದವರು ಹಗ್ಗ ಹಿಡಿದು ಸಿದ್ಧವಾಗಿದ್ದರು. ಮೇಸ್ತ್ರಿ ಅವರನ್ನು ಬೇಡವೆಂದು ಪಕ್ಕಕ್ಕೆ ಕಳಿಸಿ, ಲಾರಿಯಿಂದ ಅಗಲವಾದ ನೂಲಿನ ಪಟ್ಟಿಗಳನ್ನು ತರಿಸಿದ. ಬಾಲ್ಕನಿಯಿಂದ ಭಾರದ ಸಾಮಾನು ಇಳಿಸುವಾಗ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿಗಳು. ಆಳುಗಳು ಗುಂಡಿಯ ಎರಡೂ ಬದಿ ಎದುರುಬದುರು ನಿಂತು, ಪಟ್ಟಿಯನ್ನು ಹೆಗಲ ಮೇಲೆ ಹಾಯಿಸಿ, ಕಾಲಗಲಿಸಿ, ಮಂಡಿ ಬಗ್ಗಿಸಿದರು.

ಹೆಂಗಸರು ಸ್ವಲ್ಪ ಹಿಂದೆ ನಿಂತಿದ್ದರು. ಮಗಳು ಸೋದರಮಾವನ ತೋಳು ಹಿಡಿದುಕೊಂಡಿದ್ದಳು. ಅವನೇ ಅವಳನ್ನು ಹಿಡಿದಿದ್ದನೋ, ಅವಳೇ ಅವನನ್ನು ಹಿಡಿದಿದ್ದಳೋ. ಅಮ್ಮನ ಹತ್ತಿರ ಅವಳು ಇನ್ನೂ ಬಂದಿರಲಿಲ್ಲ. ಬಂದು ಪಕ್ಕದಲ್ಲಿ ನಿಂತವಳು ಎಣ್ಣೆಯಮ್ಮ. ಯಾರೂ ಅವಳನ್ನು ಕರೆದಿರಲಿಲ್ಲ, ಯಾರೂ ಹೋಗು ಎನ್ನಲಿಲ್ಲ.

ಮೇಸ್ತ್ರಿ ಮೆಲ್ಲಗೆ ಹೇಳಿಕೊಡುತ್ತಿದ್ದ, ಕೆಲಸದ ದನಿಯಲ್ಲಿ. "ನಿಧಾನ. ತಲೆ ಕಡೆ ತಡೀರಿ. ಕಾಲ ಕಡೆ ಒಂಚೂರು ಬಿಡಿ. ಹಾಂ. ಇನ್ನೊಂಚೂರು. ಬಡಿಯೋದು ಬೇಡ, ಗೋಡೆಗೆ ಬಡಿಯೋದು ಬೇಡ."

ಕೆಳಗಿಟ್ಟ ಸದ್ದೇ ಆಗಲಿಲ್ಲ. ಪಟ್ಟಿಗಳು ಸಡಿಲಾದಾಗ ಮಾತ್ರ ತಳ ಮುಟ್ಟಿತೆಂದು ಗೊತ್ತಾಯಿತು. ಭಾರ ಇಳಿದ ಮೇಲೂ ಆಳುಗಳು ಎದ್ದು ನಿಲ್ಲಲಿಲ್ಲ. ಬೆವರಿಗೆ ಅಂಗಿ ಅಂಟಿಕೊಂಡ ಅಷ್ಟೂ ಬೆನ್ನುಗಳು ಗುಂಡಿಯ ಸುತ್ತ ಬಾಗಿಕೊಂಡೇ ಇದ್ದವು. ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಲು ನೋಡಿದ, ಆಗಲಿಲ್ಲ. ಅರ್ಧಕ್ಕೆ ಸಿಕ್ಕಿಹಾಕಿಕೊಂಡು, ಕೈಯನ್ನು ಗಾಳಿಯಲ್ಲಿ ಹಿಂದಕ್ಕೆ ಚಾಚಿ, ಯಾರಾದರೂ ಹಿಡಿದುಕೊಳ್ಳಲೆಂದು ಹಾಗೆಯೇ ನಿಂತ.